ಕೆನ್ಮು ಶಕೆ ಎರಡು ವರ್ಷದ್ದೋ, ನಾಲ್ಕು ವರ್ಷದ್ದೋ?

ಪ್ರಶ್ನೆ: ಮಧ್ಯಯುಗದ ಜಪಾನಿನ ಬಗ್ಗೆ ಓದುತ್ತಿದ್ದೇನೆ. ‘ಕೆನ್ಮು’ ಎಂಬ ಶಕೆಯ ಕಾಲ ಒಂದು ಪಟ್ಟಿಯಲ್ಲಿ 1334–1336 ಎಂದಿದೆ, ಇನ್ನೊಂದರಲ್ಲಿ 1334–1338 ಎಂದಿದೆ. ಯಾವುದು ಸರಿ? ಅಷ್ಟು ಕಷ್ಟಪಟ್ಟು ಅಧಿಕಾರ ಹಿಡಿದ ಚಕ್ರವರ್ತಿಯ ಆಳ್ವಿಕೆ ಇಷ್ಟು ಬೇಗ ಮುಗಿದದ್ದೇಕೆ? ಹಳೆಯ ಕಾಲವನ್ನು ಮರಳಿ ತರಲು ಹೋಗಿ ಅವನು ಕೆಟ್ಟ ಎನ್ನುತ್ತಾರೆ, ಅದು ನಿಜವೇ?

ಉತ್ತರ: ಎರಡೂ ಸರಿ. ಜಾರಿಕೊಳ್ಳುವ ಉತ್ತರದಂತೆ ಕಂಡರೆ ಸ್ವಲ್ಪ ತಾಳಿ. ಚಕ್ರವರ್ತಿ ಗೊ-ದೈಗೊ 1334ರಲ್ಲಿ ಕೆನ್ಮು ಎಂಬ ಹೆಸರಿಟ್ಟ, 1336ರಲ್ಲಿ ತಾನೇ ಅದನ್ನು ಕೈಬಿಟ್ಟ. ಅವನ ವಿರುದ್ಧ ಕತ್ತಿ ಎತ್ತಿದ ಆಶಿಕಾಗ ತಕಾಉಜಿ ಮಾತ್ರ ಅದನ್ನು ಬಿಡಲಿಲ್ಲ. 1338ರವರೆಗೂ ತನ್ನ ಪತ್ರಗಳ ಮೇಲೆ ಅದನ್ನೇ ಬರೆಸಿದ. ಹೆಸರಿಟ್ಟವನ ಬಳಿ ಎರಡು ವರ್ಷ ಇದ್ದ ಶಕೆ, ಅವನನ್ನು ಉರುಳಿಸಿದವನ ಬಳಿ ಎರಡೂವರೆ ವರ್ಷ ಇತ್ತು. ನಿಮ್ಮ ಉಳಿದ ಪ್ರಶ್ನೆಗಳಿಗೂ ಇದರೊಳಗೇ ದಾರಿ ಇದೆ.

ಮೊದಲು ಶಕೆಯ ವಿಷಯ. ಜಪಾನಿನ ‘ನೆಂಗೊ’ ನಮ್ಮ ಶಾಲಿವಾಹನ ಶಕೆಯ ಹಾಗೆ ಒಂದೇ ಸಮನೆ ಸಾಗುವ ಎಣಿಕೆಯಲ್ಲ. ಆಸ್ಥಾನ ಒಂದು ಶುಭನಾಮ ಆರಿಸಿ ಘೋಷಿಸಿದಾಗ ಮತ್ತೆ ಮೊದಲನೆಯ ವರ್ಷದಿಂದ ಎಣಿಕೆ ಶುರುವಾಗುತ್ತದೆ. ಒಬ್ಬ ಚಕ್ರವರ್ತಿಗೆ ಒಂದೇ ಶಕೆ ಎಂಬ ನಿಯಮ ಬಂದದ್ದು 1868ರಲ್ಲಿ. ಅದಕ್ಕೂ ಮೊದಲು ಭೂಕಂಪ, ಸಾಂಕ್ರಾಮಿಕ, ಧೂಮಕೇತು, ಯುದ್ಧ ಹೀಗೆ ಯಾವುದೇ ಕೆಡುಕು ಕಂಡರೂ ಹೆಸರು ಬದಲಾಗುತ್ತಿತ್ತು. ಗೊ-ದೈಗೊ ಒಬ್ಬನೇ ತನ್ನ 21 ವರ್ಷಗಳಲ್ಲಿ ಎಂಟು ಹೆಸರು ಘೋಷಿಸಿದ. ಆದ್ದರಿಂದ ಕೆನ್ಮು ಚಿಕ್ಕದೆಂಬುದು ಅಂಥ ಅಪರೂಪವೇನಲ್ಲ. 1238ರಲ್ಲಿ ಘೋಷಣೆಯಾದ ರ್ಯಾಕುನಿನ್ ಎಂಬ ಶಕೆ ಎರಡೂವರೆ ತಿಂಗಳೂ ತುಂಬಲಿಲ್ಲ. ಆ ಹೆಸರಿನ ಉಚ್ಚಾರ ‘ಜನ ಕಾಣೆಯಾಗುವುದು’ ಎಂಬಂತೆ ಕೇಳಿಸುತ್ತದೆ ಎಂದು ಊರೆಲ್ಲ ಆಡಿಕೊಂಡದ್ದರಿಂದ ಅದನ್ನು ಬದಲಿಸಿದರಂತೆ. ಕೆನ್ಮು ಇತಿಹಾಸದಲ್ಲಿ ಉಳಿದದ್ದು ಬೇರೆ ಕಾರಣಕ್ಕೆ. ಯೋಧರ ಸರ್ಕಾರವನ್ನು ಕಿತ್ತೆಸೆದು ಚಕ್ರವರ್ತಿಯೇ ನೇರವಾಗಿ ಆಳಲು ಹೊರಟ ಕಾಲ ಅದು.

ಗೊ-ದೈಗೊ ಹುಟ್ಟಿದ್ದು 1288ರಲ್ಲಿ, ಪಟ್ಟವೇರಿದ್ದು 1318ರಲ್ಲಿ. ಎಳೆಯ ಮಕ್ಕಳನ್ನು ಸಿಂಹಾಸನದಲ್ಲಿ ಕೂರಿಸಿ ಹಿಂದಿನಿಂದ ನಿವೃತ್ತ ಚಕ್ರವರ್ತಿಗಳು ಆಳುತ್ತಿದ್ದ ದಿನಗಳಲ್ಲಿ ಮೂವತ್ತು ಮುಟ್ಟಿದ ಚಕ್ರವರ್ತಿ ಎಂದರೆ ಅದೇ ಒಂದು ವಿಶೇಷ. ರಾಜಮನೆತನ ಆಗಲೇ ಎರಡು ಕವಲಾಗಿತ್ತು: ಗೊ-ಫುಕಾಕುಸ ಮತ್ತು ಕಮೆಯಾಮ ಎಂಬ ಅಣ್ಣತಮ್ಮಂದಿರ ಸಂತತಿಗಳು ಸರದಿಯ ಮೇಲೆ ಪಟ್ಟಕ್ಕೆ ಬರುತ್ತಿದ್ದವು, ಪಂಚಾಯಿತಿಕೆ ಮಾಡುತ್ತಿದ್ದದ್ದು ಕಮಾಕುರದ ಯೋಧಸರ್ಕಾರ, ಅಂದರೆ ಬಾಕುಫು. ತಮ್ಮನ ಕವಲಿನ ಗೊ-ದೈಗೊ ಅಲ್ಲಿಯೂ ತಾತ್ಕಾಲಿಕ. ತೀರಿಹೋದ ಅವನ ಅಣ್ಣನ ಮಗ ದೊಡ್ಡವನಾಗುವವರೆಗೆ ಜಾಗ ಕಾಯಲಿ ಎಂಬುದು ತಂದೆ ಗೊ-ಉದನ ಏರ್ಪಾಡು. ತನ್ನ ಮಕ್ಕಳಿಗೆ ಪಟ್ಟ ಉಳಿಯಬೇಕಾದರೆ ಈ ಏರ್ಪಾಡನ್ನು ಮುರಿಯಬೇಕು, ಅದಕ್ಕೆ ಕಾವಲಾಗಿರುವ ಬಾಕುಫುವನ್ನೂ ಮುರಿಯಬೇಕು. ಅವನ ಆದರ್ಶಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗಂತೂ ಎಲ್ಲಕ್ಕೂ ಮೊದಲು ಕಾಣುವುದು ಈ ಕೌಟುಂಬಿಕ ಲೆಕ್ಕಾಚಾರ.

1324ರಲ್ಲಿ ಒಂದು ಸಂಚು ಬಯಲಾಯಿತು. ಹೇಗೋ ಪಾರಾದ. 1331ರಲ್ಲಿ ಮತ್ತೊಂದು ಸಂಚು ಸಿಕ್ಕಿಬಿದ್ದಾಗ ಕಸಾಗಿ ಬೆಟ್ಟಕ್ಕೆ ಓಡಿ, ಸೆರೆಯಾಗಿ, ಮರುವರ್ಷ ಜಪಾನ್ ಸಮುದ್ರದ ಒಕಿ ದ್ವೀಪಕ್ಕೆ ಗಡೀಪಾರಾದ. ಬಾಕುಫು ಇನ್ನೊಂದು ಕವಲಿನ ಕೋಗೋನ್‌ನನ್ನು ಪಟ್ಟಕ್ಕೆ ತಂದಿತು. ಆದರೆ ಕವಾಚಿಯ ಗುಡ್ಡಗಳಲ್ಲಿ ಕುಸುನೊಕಿ ಮಸಾಶಿಗೆ ಎಂಬ ಸಣ್ಣ ಸ್ಥಳೀಯ ಯೋಧ ಚಿಹಾಯ ಕೋಟೆ ಹಿಡಿದು ಕೂತು ಬಾಕುಫುವಿನ ದೊಡ್ಡ ಸೈನ್ಯವನ್ನು ತಿಂಗಳುಗಟ್ಟಲೆ ಅಲ್ಲಿಯೇ ಕಟ್ಟಿಹಾಕಿದ. 1333ರ ವಸಂತದಲ್ಲಿ ಗೊ-ದೈಗೊ ದೋಣಿ ಹತ್ತಿ ದ್ವೀಪದಿಂದ ತಪ್ಪಿಸಿಕೊಂಡ. ಅವನನ್ನು ಅಡಗಿಸಲು ಬಾಕುಫು ಕಳುಹಿಸಿದ ಸೇನಾಪತಿಯೇ ಆಶಿಕಾಗ ತಕಾಉಜಿ. ಅವನು ನಡುದಾರಿಯಲ್ಲಿ ಪಕ್ಷ ಬದಲಿಸಿ, ಆಗಿನ ಚಾಂದ್ರಮಾನದ ಐದನೆಯ ತಿಂಗಳ 7ರಂದು ಕ್ಯೋಟೋದಲ್ಲಿದ್ದ ಬಾಕುಫುವಿನ ಠಾಣೆಯನ್ನೇ ನೆಲಸಮ ಮಾಡಿದ. ಅದೇ ತಿಂಗಳ 22ರಂದು ಚಕ್ರವರ್ತಿಯ ಪಕ್ಷದ ಇನ್ನೊಬ್ಬ ಯೋಧ ನಿತ್ತ ಯೋಶಿಸದ ಕಮಾಕುರಕ್ಕೆ ನುಗ್ಗಿದ. ಬಾಕುಫುವನ್ನು ನಡೆಸುತ್ತಿದ್ದ ಹೋಜೋ ಮನೆತನದ ಯಜಮಾನ ತಕಾತೊಕಿ ನೂರಾರು ಜನ ಬಂಧುಬಳಗದೊಡನೆ ತೋಶೋಜಿ ದೇವಾಲಯದಲ್ಲಿ ಹೊಟ್ಟೆ ಸೀಳಿಕೊಂಡ. ಸುಮಾರು ಒಂದೂವರೆ ಶತಮಾನದ ಆಡಳಿತ ಎರಡೇ ವಾರದಲ್ಲಿ ಬೂದಿ.

ಕ್ಯೋಟೋಗೆ ಮರಳಿದ ಗೊ-ದೈಗೊ ತಾನು ಎರಡನೆಯ ಸಲ ಪಟ್ಟಕ್ಕೆ ಬಂದೆ ಎಂದು ಹೇಳಲೇ ಇಲ್ಲ. ತಾನು ಇಳಿದದ್ದೇ ಸುಳ್ಳು, ಕೋಗೋನ್ ಆಳಿದ್ದೇ ಸುಳ್ಳು ಎಂದ. ಕೋಗೋನ್ ಕಾಲದ ಶಕೆ ರದ್ದಾಯಿತು, ಆ ಅವಧಿಯ ಪದವಿ ನೇಮಕಗಳೂ ರದ್ದಾದವು. 1334ರ ಮೊದಲನೆಯ ತಿಂಗಳ 29ರಂದು, ಇಂದಿನ ಲೆಕ್ಕದಲ್ಲಿ ಮಾರ್ಚ್ ತಿಂಗಳು, ಕೆನ್ಮು ಘೋಷಣೆಯಾಯಿತು. ಹೆಸರನ್ನು ಚೀನಾದಿಂದ ನೇರವಾಗಿ ಎತ್ತಿದ್ದು: ವಾಂಗ್ ಮಾಂಗ್ ಕಸಿದುಕೊಂಡ ಹಾನ್ ಸಾಮ್ರಾಜ್ಯವನ್ನು ಕ್ರಿ.ಶ. 25ರಲ್ಲಿ ಮರಳಿ ಸ್ಥಾಪಿಸಿದ ಗುವಾಂಗ್‌ವು ಚಕ್ರವರ್ತಿಯ ಶಕೆಯೂ ಇವೇ ಎರಡು ಅಕ್ಷರಗಳದು. ಎರಡನೆಯ ಅಕ್ಷರ ಶಸ್ತ್ರಕ್ಕೆ ಸಂಬಂಧಿಸಿದ್ದು, ಅದು ಕಲಹ ತರುತ್ತದೆ ಎಂದು ಆಸ್ಥಾನದ ಹಿರಿಯರು ತಕರಾರು ಎತ್ತಿದರು. ಚಕ್ರವರ್ತಿ ಕಿವಿಗೊಡಲಿಲ್ಲ.

ಆಡಳಿತ ಎಲ್ಲಿ ಎಡವಿತು ಎಂಬುದನ್ನು ತಿಳಿಯಲು ಒಂದು ಕಾಗದವನ್ನು ಹತ್ತಿರದಿಂದ ನೋಡಿದರೆ ಸಾಕು. ಅದರ ಹೆಸರು ‘ರಿಂಜಿ’, ಚಕ್ರವರ್ತಿಯ ಆಜ್ಞಾಪತ್ರ. ಅದಕ್ಕೆ ಬಳಸುತ್ತಿದ್ದದ್ದು ಬರೆದ ಹಳೆಯ ಕಾಗದವನ್ನೇ ನೆನೆಸಿ ಮತ್ತೆ ತಯಾರಿಸಿದ, ಮಸಿಯ ಬಣ್ಣ ಪೂರ್ತಿ ಹೋಗದೆ ಬೂದಿಬಣ್ಣಕ್ಕೆ ತಿರುಗಿದ ಹಾಳೆ. ಬರೆಯುವವನು ಒಬ್ಬ ಕಾರ್ಯದರ್ಶಿ. ‘ಪ್ರಭುವಿನ ಚಿತ್ತ ಹೀಗಿದೆ’ ಎಂಬರ್ಥದ ಮಾತಿನಿಂದ ಮುಗಿಸಿ ಕೆಳಗೆ ತನ್ನ ಹೆಸರು ಹಾಕುತ್ತಾನೆ. ಚಕ್ರವರ್ತಿಯ ಮೊಹರು ಇರುವುದಿಲ್ಲ. ತುರ್ತು ಕೆಲಸಕ್ಕೆ, ಆಸ್ಥಾನದ ಒಳವ್ಯವಹಾರಕ್ಕೆ ಹೇಳಿ ಮಾಡಿಸಿದ ಹಗುರವಾದ ಪತ್ರ ಅದು. ಗೊ-ದೈಗೊ 1333ರ ಬೇಸಿಗೆಯಲ್ಲಿ ಇಡೀ ದೇಶದ ಭೂಮಿಯ ಹಕ್ಕನ್ನು ಈ ಹಾಳೆಯ ಮೇಲೆ ಹೊರಿಸಿದ. ಯಾರದೇ ಜಮೀನು ಅವರದೇ ಎಂದಾಗಬೇಕಾದರೆ ರಿಂಜಿ ಬೇಕು, ಇಲ್ಲದಿದ್ದರೆ ಹಕ್ಕಿಲ್ಲ.

ಯೋಧರಿಗೆ ಇದು ಕಾಲ ಕೆಳಗಿನ ನೆಲವನ್ನೇ ಸರಿಸಿದಂತಾಯಿತು. 1232ರಲ್ಲಿ ಕಮಾಕುರ ಸರ್ಕಾರ ಹೊರಡಿಸಿದ 51 ವಿಧಿಗಳ ಕಾನೂನಿನ ಎಂಟನೆಯ ವಿಧಿಯ ಪ್ರಕಾರ, ಇಪ್ಪತ್ತು ವರ್ಷ ಅನುಭವಿಸಿಕೊಂಡು ಬಂದ ಜಮೀನಿನ ಹಕ್ಕನ್ನು ಮತ್ತೆ ಕೆದಕುವಂತಿಲ್ಲ. ನೂರು ವರ್ಷದಿಂದ ಯೋಧಕುಟುಂಬಗಳು ನೆಮ್ಮದಿಯಿಂದ ನಿದ್ದೆ ಮಾಡಿದ್ದೇ ಈ ವಿಧಿಯ ಭರವಸೆಯಲ್ಲಿ. ಈಗ ಅಜ್ಜನ ಕಾಲದಲ್ಲಿ ಕಳೆದುಕೊಂಡವನೂ ನ್ಯಾಯ ಕೇಳಬಹುದು, ಸದ್ಯ ಉಳುಮೆ ಮಾಡಿಸುತ್ತಿರುವವನೂ ಕೇಳಬೇಕು. ದೂರದ ಪ್ರಾಂತಗಳಿಂದ ಜನ ಪತ್ರಗಳ ಗಂಟು ಹೊತ್ತು ಕ್ಯೋಟೋಗೆ ನಡೆದರು. ಒಂದೇ ಜಮೀನಿಗೆ ಇಬ್ಬರ ಕೈಯಲ್ಲಿ ರಿಂಜಿ, ನಿನ್ನೆಯದನ್ನು ಇಂದು ತಳ್ಳಿಹಾಕುವ ರಿಂಜಿ, ಇವುಗಳ ನಡುವೆ ನಕಲಿ ರಿಂಜಿಗಳ ವ್ಯಾಪಾರ. ಎರಡು ತಿಂಗಳು ಕಳೆಯುವ ಮುನ್ನವೇ ಆಸ್ಥಾನ ಹಿಂದೆ ಸರಿಯಿತು. ಹೋಜೋ ಪಕ್ಷದವರನ್ನು ಬಿಟ್ಟು ಉಳಿದವರ ಸದ್ಯದ ಅನುಭೋಗವನ್ನು ಒಪ್ಪಿ, ದೃಢೀಕರಣವನ್ನು ಪ್ರಾಂತಾಧಿಕಾರಿಗಳಿಗೆ ವಹಿಸಿತು. ವ್ಯಾಜ್ಯಗಳಿಗಾಗಿ ತೆರೆದ ನ್ಯಾಯಮಂಡಳಿ, ‘ಜಸ್ಸೋ ಕೆತ್ಸುದಾನ್‌ಶೊ’, ನಾಲ್ಕು ವಿಭಾಗಗಳಿಂದ ಶುರುವಾಗಿ 1334ರಲ್ಲಿ ಎಂಟಕ್ಕೇರಿತು. ಅದರಲ್ಲಿ ಕೂತವರು ನೂರಕ್ಕೂ ಹೆಚ್ಚು ಮಂದಿ: ಆಸ್ಥಾನದ ಕುಲೀನರು, ಯೋಧರು, ಹಳೆಯ ಬಾಕುಫುವಿನ ಗುಮಾಸ್ತರು, ಎಲ್ಲರೂ ಒಟ್ಟಿಗೆ.

ಅದೇ ವರ್ಷದ ಎಂಟನೆಯ ತಿಂಗಳಲ್ಲಿ ಅರಮನೆಯ ಸಮೀಪ, ನಿಜೋ ಬೀದಿಯ ಹೊಳೆದಂಡೆಯಲ್ಲಿ ಯಾರೋ ಒಂದು ಲಾವಣಿಯಂಥ ಅಣಕಬರಹವನ್ನು ತೂಗುಹಾಕಿದರು. ಬರೆದವರು ಯಾರೆಂದು ಇಂದಿಗೂ ಪತ್ತೆಯಿಲ್ಲ, ಓದು ಬಲ್ಲವರು ಎಂಬುದರಲ್ಲಿ ಸಂಶಯವಿಲ್ಲ. ರಾಜಧಾನಿಯಲ್ಲಿ ಈಗ ಚಾಲ್ತಿಯಲ್ಲಿರುವುದು ಏನೇನು ಎಂದು ಅದು ಪಟ್ಟಿ ಕೊಡುತ್ತದೆ: ರಾತ್ರಿಯ ದಾಳಿ, ದರೋಡೆ, ನಕಲಿ ರಿಂಜಿ, ಸುಳ್ಳು ಗಲಭೆ, ಹಸಿ ರುಂಡಗಳು, ದಿಢೀರ್ ಸಾಹುಕಾರರು, ಊರು ಬಿಟ್ಟು ಬಂದು ಪತ್ರಗಳ ಬುಟ್ಟಿ ಹೊತ್ತು ಅಲೆಯುವ ಕಕ್ಷಿದಾರರು. ಅಭ್ಯಾಸವಿಲ್ಲದ ಟೋಪಿ ನಿಲುವಂಗಿ ತೊಟ್ಟು, ಹಿಡಿಯಲು ಬಾರದ ಆಸ್ಥಾನಿಕರ ದಂಡ ಹಿಡಿದು ಅರಮನೆಯಲ್ಲಿ ಓಡಾಡುವ ಯೋಧರನ್ನು ನೋಡಿ ನಗುತ್ತದೆ. ನ್ಯಾಯಮಂಡಳಿಯನ್ನಂತೂ ಒಂದೇ ಏಟಿಗೆ ಮುಗಿಸುತ್ತದೆ: ಯೋಗ್ಯತೆ ಕೇಳುವವರಿಲ್ಲ, ಅಲ್ಲಿ ಸೇರದೆ ಹೊರಗುಳಿದವರೂ ಇಲ್ಲ. ಏಳುನೂರು ವರ್ಷ ಕಳೆದರೂ ಈ ಸಾಲಿನ ಖಾರ ಆರಿಲ್ಲ.

ಇಷ್ಟು ಸಾಲದೆಂಬಂತೆ 1334ರ ಮೊದಲಲ್ಲೇ ಹಳೆಯ ಮಹಾ ಅರಮನೆಯನ್ನು ಮತ್ತೆ ಕಟ್ಟುವ ಘೋಷಣೆ. ಅದರ ಖರ್ಚಿಗೆ ಯೋಧರ ಭೂಆದಾಯದ ಇಪ್ಪತ್ತನೆಯ ಒಂದು ಪಾಲು ತೆರಿಗೆ. ಮೂರನೆಯ ತಿಂಗಳಲ್ಲಿ ‘ಕೆಂಕೋನ್ ತ್ಸೂಹೋ’ ಎಂಬ ಹೊಸ ನಾಣ್ಯದ ಆಜ್ಞೆ, ಜೊತೆಗೆ ಕಾಗದದ ಹಣದ್ದೂ. ಜಪಾನಿನ ಆಸ್ಥಾನ ಅದಕ್ಕೆ ಹಿಂದೆ ನಾಣ್ಯ ಹೊರಡಿಸಿದ್ದು 958ರಲ್ಲಿ. ನಡುವಿನ ಶತಮಾನಗಳಲ್ಲಿ ಸಂತೆ ನಡೆದದ್ದು ಹೆಚ್ಚಾಗಿ ಚೀನಾದಿಂದ ಬಂದ ತಾಮ್ರದ ಕಾಸಿನಿಂದ. ಕೆಂಕೋನ್ ತ್ಸೂಹೋದ ಒಂದೇ ಒಂದು ಬಿಲ್ಲೆಯೂ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಹಳೆಯ ಕಾಲಕ್ಕೆ ಮರಳಲು ಹೋಗಿ ಕೆಟ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತನೆಯ ಶತಮಾನದ ದೈಗೊ ಚಕ್ರವರ್ತಿಯ ಕಾಲ ಅವನ ಆದರ್ಶವಾಗಿತ್ತು ಎಂಬುದು ಹೌದು. ಮರಣಾನಂತರ ಬರಬೇಕಾದ ಹೆಸರನ್ನು ಬದುಕಿರುವಾಗಲೇ ಆರಿಸಿಕೊಂಡು ‘ಎರಡನೆಯ ದೈಗೊ’ ಆದವನು ಅವನು. ಆದರೆ ಅವನು ಮಾಡಿದ್ದೆಲ್ಲ ಹೊಸತು. ‘ಇಂದಿನ ಸಂಪ್ರದಾಯಗಳು ಹಿಂದೊಮ್ಮೆ ಹೊಸತಾಗಿದ್ದವು, ನನ್ನ ಹೊಸತು ಮುಂದಿನವರಿಗೆ ಸಂಪ್ರದಾಯವಾಗುತ್ತದೆ’ ಎಂದು ಅವನು ಹೇಳಿದನೆಂದು ಆಶಿಕಾಗ ಪಕ್ಷದ ಒಂದು ವೃತ್ತಾಂತವೇ ದಾಖಲಿಸಿದೆ. ವಂಶಪಾರಂಪರ್ಯವಾಗಿ ಬಂದ ಕಚೇರಿಗಳನ್ನು ಮುರಿದ, ನಿವೃತ್ತ ಚಕ್ರವರ್ತಿಗಳ ಆಡಳಿತವನ್ನು ನಿಲ್ಲಿಸಿದ, ಕೆಳಗಿನವರನ್ನು ಮೇಲೆ ತಂದ. ಕುಲೀನರಿಗೆ ಅವನು ಸಿಟ್ಟು ಬರಿಸಿದ್ದು ಹಳಬನಾಗಿದ್ದಕ್ಕಲ್ಲ.

ಕೆಟ್ಟದ್ದು ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡದ್ದರಿಂದ, ಮತ್ತು ಆ ಕೈ ಪದೇಪದೇ ಅಡ್ಡಾಡಿದ್ದರಿಂದ. ಇದಕ್ಕೆ ಶತ್ರುಗಳ ಸಾಕ್ಷ್ಯವೇ ಬೇಕಿಲ್ಲ. ಚಕ್ರವರ್ತಿಗಾಗಿ ಉತ್ತರದ ಮುತ್ಸುವಿನಿಂದ ಎರಡು ಸಲ ಸೈನ್ಯ ತಂದ ತರುಣ ಕಿತಾಬತಾಕೆ ಅಕಿಇಎ 1338ರ ಐದನೆಯ ತಿಂಗಳ 15ರಂದು, ಯುದ್ಧಭೂಮಿಯಲ್ಲಿ ಸಾಯುವುದಕ್ಕೆ ಒಂದು ವಾರ ಮೊದಲು, ಚಕ್ರವರ್ತಿಗೆ ಒಂದು ವಿಜ್ಞಾಪನೆ ಬರೆದ. ಮೂರು ವರ್ಷ ತೆರಿಗೆ ಬಿಡಿ, ಅರಮನೆಯ ಕಟ್ಟಡ ನಿಲ್ಲಿಸಿ, ಸವಾರಿ ಔತಣಗಳನ್ನು ಬಿಡಿ, ಬೆಳಿಗ್ಗೆ ಹೊರಡಿಸಿದ ಆಜ್ಞೆಯನ್ನು ಸಂಜೆ ಬದಲಿಸಬೇಡಿ. ಪ್ರಾಂತಗಳಿಗೆ ಅಧಿಕಾರ ಹಂಚದೆ ಎಲ್ಲವನ್ನೂ ರಾಜಧಾನಿಯಿಂದ ನೋಡಿಕೊಂಡರೆ ಜನರ ಕಷ್ಟ ಹೇಗೆ ತೀರೀತು? ಆಗ ಅವನ ವಯಸ್ಸು ಇಪ್ಪತ್ತರ ಆಸುಪಾಸು. ಯಾವ ಇತಿಹಾಸಕಾರನೂ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ತಕಾಉಜಿ. ಚಕ್ರವರ್ತಿ ಅವನಿಗೆ ಪ್ರಾಂತಗಳನ್ನು ಕೊಟ್ಟ, ಪದವಿಗಳನ್ನು ಕೊಟ್ಟ, ತನ್ನ ಸ್ವಂತ ಹೆಸರಾದ ತಕಾಹರುವಿನ ಮೊದಲ ಅಕ್ಷರವನ್ನೂ ಕೊಟ್ಟ. ಆಡಳಿತದ ಕಚೇರಿಗಳಲ್ಲಿ ಮಾತ್ರ ಅವನಿಗೆ ಜಾಗವಿರಲಿಲ್ಲ. ‘ತಕಾಉಜಿ ಇಲ್ಲ’ ಎಂದು ಕುಲೀನರು ಪಿಸುಗುಟ್ಟಿಕೊಳ್ಳುತ್ತಿದ್ದರಂತೆ. ಅವನಿಗೆ ಬೇಕಾಗಿದ್ದ ಶೋಗುನ್, ಅಂದರೆ ಯೋಧರ ಮಹಾಸೇನಾಪತಿಯ, ಪದವಿ ಮೊದಲು ರಾಜಕುಮಾರ ಮೊರಿಯೋಶಿಗೆ ಹೋಯಿತು. ಕಾಡುಮೇಡು ಅಲೆದು ಅಪ್ಪನ ಪರವಾಗಿ ಹೋರಾಡಿದ ಮಗ ಅವನು, ತಕಾಉಜಿಯ ಕಡುವೈರಿ. ಆ ಮಗನನ್ನು ಅಪ್ಪನೇ 1334ರ ಚಳಿಗಾಲದಲ್ಲಿ ಬಂಧಿಸಿ ಕಮಾಕುರಕ್ಕೆ, ತಕಾಉಜಿಯ ತಮ್ಮ ತದಾಯೋಶಿಯ ವಶಕ್ಕೆ ಕಳುಹಿಸಿದ. ಈ ಇಡೀ ಕಥೆಯಲ್ಲಿ ನನಗೆ ನುಂಗಲಾಗದ ಭಾಗ ಇದೇ.

1335ರ ಏಳನೆಯ ತಿಂಗಳಲ್ಲಿ, ಹಿಂದೆ ಹೊಟ್ಟೆ ಸೀಳಿಕೊಂಡು ಸತ್ತಿದ್ದ ಹೋಜೋ ತಕಾತೊಕಿಯ ಮಗ ತೊಕಿಯುಕಿ ಶಿನಾನೊದಿಂದ ಎದ್ದು ಬಂದು ಕಮಾಕುರವನ್ನು ಹಿಡಿದ. ಊರು ಬಿಟ್ಟು ಓಡುವ ಗಡಿಬಿಡಿಯಲ್ಲಿ ತದಾಯೋಶಿ ಸೆರೆಯಲ್ಲಿದ್ದ ಮೊರಿಯೋಶಿಯನ್ನು ಕೊಲ್ಲಿಸಿದ. ತನ್ನನ್ನು ಶೋಗುನ್ ಮಾಡಿ ಕಳುಹಿಸಿ ಎಂದು ತಕಾಉಜಿ ಕೇಳಿದ. ಆಸ್ಥಾನ ಒಪ್ಪಲಿಲ್ಲ. ಅಪ್ಪಣೆ ಇಲ್ಲದೆಯೇ ಹೊರಟು, ಇಪ್ಪತ್ತೇ ದಿನ ಬಾಳಿದ ಆ ದಂಗೆಯನ್ನು ಅಡಗಿಸಿದ. ಮರಳಿ ಬಾ ಎಂದರೆ ಬರಲಿಲ್ಲ, ಕಮಾಕುರದಲ್ಲಿ ಕೂತು ಯೋಧರಿಗೆ ಜಮೀನು ಹಂಚತೊಡಗಿದ. ಬೂದಿಬಣ್ಣದ ಹಾಳೆಗಾಗಿ ವರ್ಷಗಟ್ಟಲೆ ಕಾಯುತ್ತಿದ್ದವರಿಗೆ ಅಲ್ಲಿ ಕೆಲಸ ಕೂಡಲೇ ಆಗುತ್ತಿತ್ತು. ಕೆನ್ಮು ಆಡಳಿತ ಸೋತದ್ದು ಇಲ್ಲಿಯೇ ಎನ್ನಬೇಕು. ಮುಂದಿನ ಕಾಳಗಗಳು ಆ ಸೋಲಿನ ವಸೂಲಿ ಮಾತ್ರ.

ಕಾಳಗಗಳನ್ನು ಚುಟುಕಾಗಿ ಹೇಳುತ್ತೇನೆ. ತಕಾಉಜಿ ಹಾಕೋನೆಯ ಬಳಿ ಯೋಶಿಸದನನ್ನು ಸೋಲಿಸಿ 1336ರ ಮೊದಲ ತಿಂಗಳಲ್ಲಿ ಕ್ಯೋಟೋ ಹೊಕ್ಕ. ಅಕಿಇಎ ಉತ್ತರದಿಂದ ಧಾವಿಸಿ ಬಂದು ಅವನನ್ನು ಓಡಿಸಿದ. ಕ್ಯೂಶೂಗೆ ಓಡುವ ದಾರಿಯಲ್ಲಿ ತಕಾಉಜಿ ನಿವೃತ್ತ ಕೋಗೋನ್‌ನಿಂದ ಒಂದು ಆಜ್ಞಾಪತ್ರ ಪಡೆದ. ಇನ್ನು ಅವನು ರಾಜದ್ರೋಹಿಯಲ್ಲ, ಇನ್ನೊಬ್ಬ ರಾಜನ ಸೇನಾಪತಿ. ಕ್ಯೂಶೂವಿನ ತತಾರಾಹಾಮದಲ್ಲಿ ಗೆದ್ದು, ಸಮುದ್ರದ ಮೇಲೂ ನೆಲದ ಮೇಲೂ ಮರಳಿ ಬಂದು, ಐದನೆಯ ತಿಂಗಳ 25ರಂದು ಮಿನಾತೊಗಾವದಲ್ಲಿ ಮಸಾಶಿಗೆಯನ್ನು ಕೊನೆಗಾಣಿಸಿದ.

ಶಕೆ ಎರಡಾದದ್ದು ಈ ನಡುವೆ. ತಕಾಉಜಿ ಕ್ಯೂಶೂಗೆ ಓಡಿದ ಹೊತ್ತಿನಲ್ಲಿ, 1336ರ ಎರಡನೆಯ ತಿಂಗಳ 29ರಂದು, ಯುದ್ಧದ ಕೆಡುಕು ಕಳೆಯಲಿ ಎಂದು ಗೊ-ದೈಗೊ ಕೆನ್ಮು ಬಿಟ್ಟು ‘ಎಂಗೆನ್’ ಘೋಷಿಸಿದ. ಹಿರಿಯರು ತಕರಾರು ಎತ್ತಿದ್ದ ಅಕ್ಷರ ಹಾಗೆ ಹೋಯಿತು. ತಕಾಉಜಿ ಅದನ್ನು ಒಪ್ಪಲಿಲ್ಲ. ಒಪ್ಪಿದರೆ ತನ್ನನ್ನು ದ್ರೋಹಿ ಎಂದ ಆಸ್ಥಾನವನ್ನೇ ಒಪ್ಪಿದಂತೆ. ಎಂಟನೆಯ ತಿಂಗಳ 15ರಂದು ಅವನು ಕೋಗೋನ್‌ನ ತಮ್ಮ ಕೋಮ್ಯೋಗೆ ಪಟ್ಟ ಕಟ್ಟಿಸಿದಾಗಲೂ ಹೊಸ ಶಕೆ ತರಲಿಲ್ಲ. ಹೊಸ ಚಕ್ರವರ್ತಿ ಬಂದ ಮೇಲೆ ಹೊಸ ಹೆಸರು ಬರುವುದು ವಾಡಿಕೆಯಾಗಿದ್ದರಿಂದ ಈ ತಡ ಎದ್ದು ಕಾಣುತ್ತದೆ. ತಾನು ಮುರಿದವನಲ್ಲ, ಮುಂದುವರಿಸುತ್ತಿರುವವನು ಎಂದು ತೋರಿಸುವ ಹಂಬಲ ತಕಾಉಜಿಗೆ ಇತ್ತು ಎಂದು ನನಗನ್ನಿಸುತ್ತದೆ. ಗೊ-ದೈಗೊನನ್ನು ಅವನು ಎಂದೂ ಪೂರ್ತಿ ದ್ವೇಷಿಸಲಿಲ್ಲ. ಪಟ್ಟ ಕಟ್ಟಿಸಿದ ಎರಡೇ ದಿನದಲ್ಲಿ ಕಿಯೋಮಿಜು ದೇವಾಲಯಕ್ಕೆ, ಈ ಲೋಕ ಕನಸಿನಂಥದು, ನನ್ನ ಪಾಲಿನ ಇಹದ ಭಾಗ್ಯವನ್ನು ತಮ್ಮನಿಗೆ ಕೊಡು ಎಂದು ಬರೆದ ಮನುಷ್ಯ ಅವನು. ಮುಂದೆ 1339ರಲ್ಲಿ ಗೊ-ದೈಗೊ ಯೋಶಿನೊದಲ್ಲಿ ತೀರಿಕೊಂಡಾಗ ಅವನ ಆತ್ಮಶಾಂತಿಗಾಗಿ ತೆನ್ರ್ಯೂಜಿ ದೇವಾಲಯವನ್ನು ಕಟ್ಟಿಸಿದವನೂ ಅವನೇ.

ಹೀಗಾಗಿ ಹೊಸ ಯೋಧಸರ್ಕಾರದ ಬುನಾದಿಯ 17 ವಿಧಿಗಳ ಹೆಸರೇ ‘ಕೆನ್ಮು ಶಿಕಿಮೊಕು’. 1336ರ ಹನ್ನೊಂದನೆಯ ತಿಂಗಳ 7ರಂದು ಹೊರಬಿದ್ದ ಅದರಲ್ಲಿ ಮಿತವ್ಯಯದ ಉಪದೇಶವಿದೆ, ಚಹಾಕೂಟ ಮತ್ತು ಕವಿಗೋಷ್ಠಿಗಳ ನೆಪದಲ್ಲಿ ನಡೆಯುವ ಜೂಜಿಗೆ ನಿಷೇಧವಿದೆ. ಮರುತಿಂಗಳು ಗೊ-ದೈಗೊ ಯೋಶಿನೊ ಬೆಟ್ಟಗಳಿಗೆ ಪರಾರಿಯಾಗಿ, ಕೋಮ್ಯೋಗೆ ಕೊಟ್ಟ ರಾಜಚಿಹ್ನೆಗಳು ನಕಲಿ ಎಂದು ಸಾರಿದ. 1392ರವರೆಗೆ ದೇಶಕ್ಕೆ ಎರಡು ಆಸ್ಥಾನ, ಎರಡು ಶಕೆ: ಕ್ಯೋಟೋದ್ದು ಉತ್ತರದ ಆಸ್ಥಾನ, ಯೋಶಿನೊದ್ದು ದಕ್ಷಿಣದ್ದು. 1338ರಲ್ಲಿ ಅಕಿಇಎ, ಅವನ ಹಿಂದೆಯೇ ಯೋಶಿಸದ, ಇಬ್ಬರೂ ರಣರಂಗದಲ್ಲಿ ಬಿದ್ದರು. ಎಂಟನೆಯ ತಿಂಗಳ 11ರಂದು ತಕಾಉಜಿ ಶೋಗುನ್ ಆದ. ಗೊ-ದೈಗೊ ಕೊಡಲೊಲ್ಲದ ಆ ಪದವಿಯ ನೇಮಕಪತ್ರದ ತಾರೀಖು ಗೊ-ದೈಗೊ ಇಟ್ಟ ಶಕೆಯದೇ, ಕೆನ್ಮು 5. ಅದೇ ತಿಂಗಳ 28ರಂದು ಉತ್ತರದ ಆಸ್ಥಾನ ‘ರ್ಯಾಕುಓ’ ಎಂಬ ಹೊಸ ಹೆಸರು ಘೋಷಿಸಿತು, ಕೆನ್ಮು ಅಲ್ಲಿಗೆ ಮುಗಿಯಿತು.

ನಿಮ್ಮ ಎರಡು ಪಟ್ಟಿಗಳಿಗೆ ಬರೋಣ. 1911ರಲ್ಲಿ ಶಾಲಾ ಪಠ್ಯಪುಸ್ತಕದಲ್ಲಿ ಎರಡೂ ಆಸ್ಥಾನಗಳನ್ನು ಸಮಾನವಾಗಿ ಬರೆದದ್ದು ಜಪಾನಿನ ಸಂಸತ್ತಿನಲ್ಲಿ ದೊಡ್ಡ ಗಲಾಟೆಯಾಗಿ, ದಕ್ಷಿಣದ ಆಸ್ಥಾನವೇ ಧರ್ಮಬದ್ಧ ಎಂದು ಸರ್ಕಾರ ತೀರ್ಮಾನಿಸಿತು. ಆಗ ಪಟ್ಟದಲ್ಲಿದ್ದ ಮೆಯಿಜಿ ಚಕ್ರವರ್ತಿ ಉತ್ತರದ ಕವಲಿನವನು ಎಂಬುದು ಬೇರೆ ಮಾತು. ಆ ಪರಂಪರೆಯ ಪಟ್ಟಿಗಳು ಕೆನ್ಮುವನ್ನು 1336ಕ್ಕೆ ನಿಲ್ಲಿಸುತ್ತವೆ, ಉತ್ತರದ ಶಕೆಗಳನ್ನೂ ಕೊಡುವವು 1338ರವರೆಗೆ ತೋರಿಸುತ್ತವೆ. ಎಲ್ಲಿಯಾದರೂ ‘ಕೆನ್ಮು 4’ ಎಂದು ಕಂಡರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಅದು 1337, ಯೋಶಿನೊದ ಲೆಕ್ಕದಲ್ಲಿ ಎಂಗೆನ್ 2. ಆ ಕಾಲದ ಪತ್ರವೊಂದರಲ್ಲಿ ಇವೆರಡರಲ್ಲಿ ಯಾವುದು ಇದೆ ಎಂಬುದರಿಂದಲೇ ಬರೆದವನು ಆ ದಿನ ಯಾವ ಪಕ್ಷದಲ್ಲಿದ್ದ ಎಂದು ಹೇಳಬಹುದು. ‘ಆ ದಿನ’ ಎಂದದ್ದು ಸುಮ್ಮನೆ ಅಲ್ಲ: 1351ರ ಕೊನೆಯಲ್ಲಿ ತಮ್ಮ ತದಾಯೋಶಿಯೊಡನೆ ಜಗಳ ಬಿಗಡಾಯಿಸಿದಾಗ ಸ್ವತಃ ತಕಾಉಜಿಯೇ ದಕ್ಷಿಣದವರಿಗೆ ಶರಣು ಹೇಳಿ, ಕೆಲವು ತಿಂಗಳು ಅವರ ‘ಶೋಹೆಇ’ ಶಕೆಯನ್ನು ತನ್ನ ಪತ್ರಗಳಲ್ಲಿ ಬರೆಸಿದ.